ಮೂರು ಹೆತ್ತ ಶೇಕು

ಬದರ್ ಲಾತ್ತಾಳ ಕೈಯಲ್ಲಿದ್ದ ಚೊಂಬು ಅರ್ಧಕ್ಕೇ ನಿಂತಿತು.

“ಇದು ಹೋಗ್ತಾ ಇಲ್ಲ ಕಣ್ರೇ.”

ಹಲಗೆಯ ಮೇಲೆ, ಬಿಳಿ ಬಟ್ಟೆಯ ಮರೆಯಿಂದ, ಹಲೀಮಾಳ ಬಲಗೈ ಮಾತ್ರ ಹೊರಗಿತ್ತು. ತೋರುಬೆರಳ ತುದಿಯಿಂದ ಮೊದಲ ಗೆಣ್ಣಿನವರೆಗೆ ಮಸಿ. ಬೋರೆ ಎಲೆ ಅರೆದು ಕಲಸಿದ ನೀರಲ್ಲಿ ಎರಡು ಸಲ ಉಜ್ಜಿಯಾಗಿತ್ತು. ಎಪ್ಪತ್ತಾರು ವರ್ಷದ ಆ ಬೆರಳಿನಿಂದ ಮಸಿ ಕದಲಿರಲಿಲ್ಲ.

“ಮಸಿ ಇದ್ರೆ ನೀರು ಚರ್ಮಕ್ಕೆ ತಾಗುತ್ತಾ?” ಕೊಡ ಹಿಡಿದು ನಿಂತಿದ್ದ ಪಕ್ಕದ ಮನೆಯ ಜೈನಂಬು ಕೇಳಿದಳು. “ತಾಗದಿದ್ರೆ ಸ್ನಾನ ಕೂಡಲ್ಲ. ಸ್ನಾನ ಕೂಡದೆ ಮಣ್ಣಿಗೆ ಹೇಗೆ ಕಳಿಸೋದು? ಮಸೀದಿಗೆ ಹೇಳಿ ಕಳಿಸಿ, ಹಜರತ್‌ನ ಕೇಳಿಸೋಣ.”

“ಏನಂತ ಕೇಳಿಸ್ತೀಯ? ತೋರಿಸೋಕೆ ಬೆರಳು ಕತ್ತರಿಸಿ ಕಳಿಸ್ತೀಯಾ?” ಬದರ್ ಲಾತ್ತಾ ರೇಗಿದಳು. “ನಲವತ್ತು ವರ್ಷದಿಂದ ಈ ಬೀದಿ ಹೆಂಗಸರಿಗೆ ಕೊನೇ ಸ್ನಾನ ಮಾಡಿಸ್ತಾ ಇದೀನಿ. ಅನುಮಾನ ಬಂದಾಗೆಲ್ಲ ಯಾರನ್ನ ಕೇಳ್ತಿದ್ದೆ, ಹೇಳು?”

ಎಲ್ಲರೂ ಹಲಗೆಯತ್ತ ನೋಡಿದರು. ಮೂಲೆಯಲ್ಲಿದ್ದವಳೊಬ್ಬಳಿಗೆ ನಗು ಬಂತು. ಬಾಯಿಗೆ ಸೆರಗು ಒತ್ತಿಕೊಂಡಳು. ಒತ್ತಿಕೊಂಡದ್ದೇ ತಡ ಅಳು ಬಂತು.

ಪರದೆಯ ಆಚೆಯಿಂದ ಹಲೀಮಾಳ ತಮ್ಮ ಮೀರಾ ತಂಬಿ ಕೂಗಿದ. “ಬದರ್ ಲಾತ್ತಾ, ಸಂಜೆಯ ಅಸರ್ ಬಾಂಗಿಗೆ ಇನ್ನೊಂದೇ ಗಂಟೆ. ಗುಂಡಿ ಎರಡೂ ಆಗಿದೆಯಂತೆ.”

“ಎರಡ್ಯಾಕೆ?”

“ಒಂದು ನಮ್ಮ ಹಲೀಮಾ ಲಾತ್ತಾಗೆ. ಇನ್ನೊಂದು, ಗೋಡೆ ಪಕ್ಕ ಚಿಕ್ಕದು, ಅವಳ ಪೆಟ್ಟಿಗೇಲಿರೋ ಕಾಗದಕ್ಕೆ. ಅರಬಿ ಅಕ್ಷರ ಕಾಲಡಿಗೆ ಬೀಳಬಾರದು. ಓದೋಳೇ ಹೋದ್ಮೇಲೆ ಗೆದ್ದಲಿಗೆ ಹಾಕೋದಾ?”

ಕರ್ಪೂರದ ನೀರಿನ ಬೋಗುಣಿ ಹಿಡಿದಿದ್ದ ಸುಲೈಹಾ ತಟ್ಟನೆ ಪರದೆಯತ್ತ ತಿರುಗಿದಳು. ಹಲೀಮಾ ಅವಳಿಗೆ ತಾಯಿಯ ಅಕ್ಕ. ಬೋಗುಣಿಯನ್ನು ಕೆಳಗಿಟ್ಟಳು.

“ಈ ಮಸಿ ಪ್ರಶ್ನೆಗೆ ಉತ್ತರ ಪೆಟ್ಟಿಗೇಲಿರೋ ಪುಸ್ತಕದಲ್ಲಿದೆ. ನಾನು ತರ್ತೀನಿ.”

“ಯಾವ ಪುಸ್ತಕ?” ಎಂದಳು ಜೈನಂಬು. “ಮೂರು ಹೆತ್ತ ಶೇಕಿನದಾ?”

*

ತಮಿಳು ಕರಾವಳಿಯ ಆ ಊರಲ್ಲಿ ಮನೆ ಹೆಣ್ಣುಮಕ್ಕಳದು, ಗಂಡ ಬಂದು ಸೇರಿಕೊಳ್ಳುವವನು. ಹಾಗಾಗಿ ಮದುವೆ ಮುರಿದಾಗ ಸುಲೈಹಾ ಎಲ್ಲಿಗೂ ಹಿಂದಿರುಗಬೇಕಾಗಲಿಲ್ಲ. ಹೋದವನು ಅವನು. ಇಪ್ಪತ್ತೆರಡು ವರ್ಷದ ಅವಳು ಗೋಡೆ ನೋಡುತ್ತ ಕೂತುಬಿಟ್ಟಳು. ತಮ್ಮಿಬ್ಬರ ಮನೆಗಳ ನಡುವಿನ ಒಳಬಾಗಿಲಿಂದ ಹಲೀಮಾ ದಿನಾ ಬರುತ್ತಿದ್ದಳು. ಸಮಾಧಾನ ಹೇಳುತ್ತಿರಲಿಲ್ಲ. ಹರಕು ಹಾಳೆಗಳನ್ನು ಮಡಿಲಲ್ಲಿಟ್ಟುಕೊಂಡು ತನ್ನ ಪಾಡಿಗೆ ಓದುತ್ತಿದ್ದಳು.

“ಏನು ಪೆರಿಯುಮ್ಮಾ ಅದು?” ಒಂದು ದಿನ ಸುಲೈಹಾ ಕೇಳಿಯೇಬಿಟ್ಟಳು.

“ಗೊತ್ತಿಲ್ಲ. ಅದಕ್ಕೇ ಓದ್ತಿದೀನಿ. ನೀನೂ ನೋಡು.”

ಅಕ್ಷರ ಅರಬಿಯದು. ಕುರಾನ್ ಓದಲು ಕಲಿತವರಿಗೆಲ್ಲ ಗೊತ್ತಿದ್ದದ್ದೇ. ಆದರೆ ಕೂಡಿಸಿ ಉಚ್ಚರಿಸಿದರೆ ಹೊರಡುತ್ತಿದ್ದದ್ದು ಮನೆಯ ತಮಿಳು. ಸುಲೈಹಾ ಎಡವುತ್ತ ಎಡವುತ್ತ ಒಂದು ಸಾಲು ಮುಗಿಸಿದಳು: ‘ಹಾಲು ಇಳಿಯದಿದ್ದರೆ ಬಾಣಂತಿ ಉಪವಾಸ ಬಿಡಲಿ.’ ಯಾರೋ ಕಿವಿಯಲ್ಲಿ ಮಾತಾಡಿದಂತಾಯಿತು. ಅಜ್ಜಿಯರ ಕಾಲದ ಹೆಂಗಸರೆಲ್ಲ ಓದಿ ಬರೆಯುತ್ತಿದ್ದದ್ದು ಹೀಗೇ. ಶಾಲೆ ಬಂತು, ತಮಿಳು ಅಕ್ಷರ ಬಂತು. ಹಳೆಯ ಕಟ್ಟುಗಳು ಮದುವೆಯ ಪೆಟ್ಟಿಗೆಗಳ ತಳ ಸೇರಿದವು.

ಐದನೆಯ ಇಯತ್ತೆ ಓದಿದ ಹಲೀಮಾ, ಗಂಡ ಕೊಲಂಬೋದಲ್ಲಿ ತೀರಿಕೊಂಡ ಮೇಲೆ ಆ ಪೆಟ್ಟಿಗೆಗಳ ಬೆನ್ನು ಹತ್ತಿದ್ದಳು. ಒಳಬಾಗಿಲುಗಳಿಂದಲೇ ಮನೆಯಿಂದ ಮನೆಗೆ ಹೋಗಿ, ಕೊಟ್ಟ ಚಹಾ ಕುಡಿದು, “ನಿಮ್ಮಜ್ಜಿ ಏನಾದ್ರೂ ಬಿಟ್ಟು ಹೋಗಿದಾಳಾ?” ಎನ್ನುತ್ತಿದ್ದಳು. ಸಿಕ್ಕಿದ್ದನ್ನು ಮಸಿಯಲ್ಲಿ ಸಾಲುಸಾಲಾಗಿ ನಕಲು ಮಾಡಿಕೊಳ್ಳುತ್ತಿದ್ದಳು. ಹಲವು ಮನೆಗಳಲ್ಲಿ ಸಿಕ್ಕಿದ್ದು ಒಂದೇ ಪುಸ್ತಕ: ಹೆಂಗಸರ ಪ್ರಶ್ನೆಗಳು, ಅವಕ್ಕೆ ಉತ್ತರಗಳು. ಬರೆದವರು ಯಾರೋ ಹಳೆಯ ಶೇಕು, ಧರ್ಮ ಬಲ್ಲ ಗುರು, ಎಂದು ಊರು ನಂಬಿತ್ತು. ಐದು ಪ್ರತಿಗಳಲ್ಲಿ ಹಾಗೇ ಇತ್ತು. ಆರನೆಯದು ಉಪ್ಪಿನ ಮಂಡಿಯ ಒಂದು ಮನೆಯಲ್ಲಿ, ಅಕ್ಕಿ ಡಬ್ಬದ ಹಿಂದೆ ಸಿಕ್ಕಿತು. ಅದರ ಕೊನೆಯ ಹಾಳೆ ಓದಿದ ಹಲೀಮಾ ಬಿದ್ದು ಬಿದ್ದು ನಕ್ಕಳು.

“ಕೇಳೇ ಸುಲೈಹಾ. ‘ನನ್ನ ಮೂರನೆಯ ಹೆರಿಗೆಯ ನಲವತ್ತನೆಯ ದಿನ ಇದನ್ನು ಬರೆದು ಮುಗಿಸಿದೆ.’ ಯಾವ ಶೇಕು ಕಣೇ ಮೂರು ಹೆತ್ತ?”

ಸುದ್ದಿ ಬೀದಿಯೆಲ್ಲ ಹರಡಿತು. ಹಲೀಮಾ ದೂರದ ಕಾಲೇಜಿನ ಪಂಡಿತರೊಬ್ಬರಿಗೆ ಬರೆದಳು. ‘ಅದು ಪ್ರತಿ ಮಾಡಿದವಳ ಮಾತಿರಬಹುದು, ಕೃತಿ ಬರೆದವರದಲ್ಲ’ ಎಂದು ಅವರು ಉತ್ತರಿಸಿದರು. ಅವಳು ಕಾಗದವನ್ನು ಎರಡು ಸಲ ಓದಿದಳು. “ಇವರು ಹೇಳೋದೂ ಸರಿ. ಇನ್ನೂ ಹುಡುಕಬೇಕು,” ಎಂದಳು.

ಹನ್ನೊಂದು ವರ್ಷ ಹುಡುಕಿದಳು. ಪುಸ್ತಕದ ನಡುವಿನ ಒಂದು ಪ್ರಶ್ನೆಗೆ ಆರೂ ಪ್ರತಿಗಳು ಎರಡೇ ಸಾಲಿನ ಉತ್ತರ ಕೊಡುತ್ತಿದ್ದವು. ಕೊಲಂಬೋದಿಂದ ಒಬ್ಬ ಅಳಿಯನ ಜೊತೆ ಬಂದ ಏಳನೆಯ ಪ್ರತಿಯಲ್ಲಿ ಆ ಉತ್ತರ ಪೂರ್ತಿ ಇತ್ತು: ‘ಇದನ್ನು ನಾನು, ಹಡಗು ನಡೆಸುವ ಮಾಲುಮಿ ಯೂಸುಫನ ಮಗಳು ಸಾಲಿಹಾ, ನನ್ನ ತಾಯಿಯನ್ನು ಕೇಳಿ ತಿಳಿದೆ.’ ಉತ್ತರದೊಳಗಿನ ಈ ‘ನಾನು’ ಪ್ರತಿ ಮಾಡಿದವಳಾಗಿರಲು ಸಾಧ್ಯವಿರಲಿಲ್ಲ. ಪಂಡಿತರು ಬಸ್ಸು ಹಿಡಿದು ತಾವೇ ಬಂದರು. ಪರದೆಯ ಆಚೆ ಕೂತು ಮೂರು ತಾಸು ಪ್ರಶ್ನೆ ಕೇಳಿದರು. ಏಳುವಾಗ “ನಾನು ಸೋತೆ ಅಮ್ಮಾ” ಎಂದರು. ಅವರ ಪತ್ರಿಕೆಯಲ್ಲಿ ಲೇಖನ ಹಲೀಮಾಳ ಹೆಸರಲ್ಲೇ ಅಚ್ಚಾಯಿತು. ಅದನ್ನವಳು ಪೆಟ್ಟಿಗೆಗೆ ಹಾಕಿ, ಮಾರನೆಯ ದಿನ ಇನ್ನೊಂದು ಮನೆಯ ಒಳಬಾಗಿಲು ತಟ್ಟಿದಳು.

*

ಜಗುಲಿಯಲ್ಲಿ ಪೆಟ್ಟಿಗೆಗೆ ಹಗ್ಗ ಬಿಗಿದಾಗಿತ್ತು. ಗಂಡಸರು ಸರಿದು ದಾರಿ ಬಿಟ್ಟರು.

“ಮಾಮಾ, ಬಿಚ್ಚಿ. ಒಂದು ಪುಸ್ತಕ ಬೇಕು.”

“ಈಗ್ಲಾ?” ಮೀರಾ ತಂಬಿಯ ಕಣ್ಣು ಕೆಂಪಾಗಿತ್ತು. “ಲಾತ್ತಾಳ ಮೈಯಿತ್ತು ಹಲಗೆ ಮೇಲಿದೆ, ನಿನಗೆ ಪುಸ್ತಕದ ಚಿಂತೆ.”

“ಮೈಯಿತ್ತಿಗೇ ಬೇಕಾಗಿರೋದು. ಸ್ನಾನ ನಿಂತಿದೆ.”

ಅವನು ಮುಖ ನೋಡಿದ. ಮತ್ತೇನೂ ಕೇಳದೆ ಕೂತು ಗಂಟು ಬಿಚ್ಚಿದ. ಅಷ್ಟು ಬಿಗಿಯಾಗಿ ಕಟ್ಟಿದವನೂ ಅವನೇ, ಬಿಚ್ಚಲು ಹೊತ್ತು ಹಿಡಿಯಿತು.

ಸುಲೈಹಾ ಪರದೆಯೊಳಗೆ ನಿಂತು ಹಾಳೆ ಮಗುಚಿದಳು. ಇಷ್ಟು ಜನರ ಎದುರು ಎಂದೂ ಓದಿರಲಿಲ್ಲ.

“‘ಪ್ರಶ್ನೆ. ಬಟ್ಟೆಗೆ ಬಣ್ಣ ಹಾಕುವವಳು ಸತ್ತರೆ, ಅವಳ ಕೈಗೆ ಹತ್ತಿದ ನೀಲಿಯನ್ನು ಏನು ಮಾಡಬೇಕು?’”

“ಹೂಂ,” ಎಂದಳು ಬದರ್ ಲಾತ್ತಾ.

“‘ಉತ್ತರ. ಉಗುರಿನಿಂದ ಮೆಲ್ಲಗೆ ಕೆರೆದು ನೋಡು. ಪೊರೆಯಂತೆ ಎದ್ದು ಬಂದರೆ ತೆಗೆ. ಏಳದಿದ್ದರೆ ಅದು ಬರೀ ಬಣ್ಣ, ನೀರಿಗೆ ದಾರಿ ಇದೆ. ಒತ್ತಿ ಉಜ್ಜಿ ನೋಯಿಸಬೇಡ. ಅವಳು ದುಡಿದದ್ದನ್ನು ಅವಳ ಕೈಯಿಂದ ಸುಲಿಯಬೇಡ.’”

ಬದರ್ ಲಾತ್ತಾ ಬಗ್ಗಿ ಬೆರಳನ್ನು ಕೆರೆದಳು. ತನ್ನ ಉಗುರನ್ನು ಬೆಳಕಿಗೆ ಹಿಡಿದು ನೋಡಿದಳು. ಏನೂ ಎದ್ದಿರಲಿಲ್ಲ. ಚೊಂಬು ತುಂಬಿ ಬಲಗೈಯ ಮೇಲೆ ನಿಧಾನವಾಗಿ ಮೂರನೆಯ ನೀರು ಸುರಿದಳು. “ಸುಲೈಹಾ, ಕರ್ಪೂರದ್ದು ಕೊಡು.”

ಪರದೆಯ ಆಚೆಯಿಂದ ಮೀರಾ ತಂಬಿಯ ದನಿ ಕೇಳಿತು. “ಅದನ್ನ ಬರೆದದ್ದು ಯಾರು?”

“ಒಬ್ಬ ಹೆಂಗಸು,” ಎಂದಳು ಬದರ್ ಲಾತ್ತಾ. “ಅದನ್ನ ಕಂಡುಹಿಡಿದವಳು ನಿನ್ನ ಅಕ್ಕ. ಇಡೀ ಬೀದಿಗೆ ಗೊತ್ತು, ನಿನಗೆ ಗೊತ್ತಿಲ್ವಾ?”

ಆಚೆ ಹಗ್ಗ ಸುತ್ತಿಡುವ ಸದ್ದು ಕೇಳಿತು.

“ನಾನು ಕೇಳಲೇ ಇಲ್ಲ,” ಎಂದ. ಮತ್ತೆ, “ಸುಲೈಹಾ, ಪೆಟ್ಟಿಗೇಲಿರೋದೆಲ್ಲ ಓದೋಕೆ ಬರುತ್ತಾ ನಿನಗೆ?”

ಹೂಂ ಎಂದುಬಿಡಬಹುದಿತ್ತು. “ಅರ್ಧ ಬರುತ್ತೆ ಮಾಮಾ. ಮಿಕ್ಕಿದ್ದು ಕಲೀಬೇಕು.”

“ಯಾರ ಹತ್ತಿರ?”

ಸುಲೈಹಾ ಹಲಗೆಯತ್ತ ನೋಡಿದಳು. ಜಗುಲಿಯಲ್ಲಿ ಅವನು ಯಾರಿಗೋ ಹೇಳುವುದು ಕೇಳಿಸಿತು: “ಆ ಚಿಕ್ಕ ಗುಂಡಿ ಮುಚ್ಚೋಕೆ ಹೇಳು. ಪೆಟ್ಟಿಗೇನ ಒಳಗಿಡು. ಮೇಲೆ, ನೀರು ತಾಗದ ಕಡೆ.”

*

ಅಸರ್ ಬಾಂಗಿಗೆ ಮೊದಲೇ ಗಂಡಸರು ಹಲೀಮಾಳನ್ನು ಹೆಗಲಿಗೇರಿಸಿಕೊಂಡು ಹೊರಟರು. ಕಲಿಮಾದ ದನಿ ಬೀದಿಯ ತಿರುವಿನಲ್ಲಿ ತೆಳುವಾಗಿ, ಆಮೇಲೆ ಇಲ್ಲವಾಯಿತು. ಹೆಂಗಸರು ಅಂಗಳದಲ್ಲಿ ಉಳಿದರು. ಯಾರೋ ಒದ್ದೆ ನೆಲ ಒರೆಸಿದರು. ಯಾರೋ ಚಹಾಕ್ಕೆ ನೀರಿಟ್ಟರು.

ಜೈನಂಬು ಕಾಣಲಿಲ್ಲ. ಸ್ವಲ್ಪ ಹೊತ್ತಿಗೆ ಒಳಬಾಗಿಲಿಂದ ಬಂದಳು, ಹಸಿರು ರೇಷ್ಮೆಯ ಗಂಟೊಂದನ್ನು ಎದೆಗವಚಿಕೊಂಡು.

“ನಮ್ಮಜ್ಜಿದು,” ಎಂದಳು. “ಹಲೀಮಾ ಮೂರು ಸಲ ಕೇಳಿದ್ಲು. ಮೂರು ಸಲವೂ ಇಲ್ಲ ಅಂದೆ.”

“ಯಾಕೆ?”

“ಒಳಗೆ ಏನಿದ್ಯೋ ಅಂತ ಭಯ. ಅಜ್ಜಿ ಯಾರಿಗೂ ತೋರಿಸ್ತಿರಲಿಲ್ಲ.” ಗಂಟನ್ನು ಸುಲೈಹಾಳ ಮಡಿಲಲ್ಲಿಟ್ಟಳು. “ನೀನು ಹೇಳು, ಏನಿದೆ?”

ಹೆಂಗಸರು ಒಬ್ಬೊಬ್ಬರಾಗಿ ಸುತ್ತ ಕೂತರು. ಚಹಾದ ಪಾತ್ರೆ ಉಕ್ಕುತ್ತಿದ್ದರೂ ಯಾರೂ ಏಳಲಿಲ್ಲ. ಸುಲೈಹಾ ಅಂಟಿಕೊಂಡಿದ್ದ ಮೊದಲ ಹಾಳೆಯನ್ನು ಉಸಿರು ಬಿಗಿಹಿಡಿದು ಬಿಡಿಸಿದಳು. ಮಸಿ ಮಾಸಿತ್ತು. ಹಾಳೆಯನ್ನು ಇಳಿಬಿಸಿಲಿಗೆ ಎತ್ತಿ ಹಿಡಿದಳು. ಹುಳು ತಿಂದ ತೂತುಗಳಿಂದ ಬಿಸಿಲು ತೂರಿ, ಸುತ್ತ ಬಗ್ಗಿದ್ದ ಹೆಂಗಸರ ಮುಖಗಳ ಮೇಲೆಲ್ಲ ಸಾಲುಸಾಲಾಗಿ ಚುಕ್ಕೆಯಿಟ್ಟಿತು. ಅವಳ ಬೆರಳು ಬಲದಿಂದ ಎಡಕ್ಕೆ, ಉಳಿದಿರುವ ಮೊದಲ ಪದವನ್ನು ಹುಡುಕುತ್ತ ಸಾಗಿತು.