ಕೆನ್ನೆಯ ಮೂರು ಗೆರೆ

ದೊಡ್ಡವರ ಪ್ರೇಮಕಥೆಗಳ ಮಾಂಗಾಕ್ಕೆ, ಅಂದರೆ ಜಪಾನಿ ಶೈಲಿಯ ಚಿತ್ರಕಥೆಗೆ, ಚಿತ್ರ ಬರೆಯುವುದರಲ್ಲಿ ಅವಳದು ಪಳಗಿದ ಕೈ. ಹನ್ನೆರಡು ಪುಸ್ತಕಗಳಾಗಿದ್ದವು, ಹನ್ನೆರಡರಲ್ಲೂ ಕಥೆ ಒಂದೇ. ಆಫೀಸಿನ ಯಜಮಾನ ಬಾಗಿಲು ಹಾಕುತ್ತಾನೆ, ಕೈಕೆಳಗಿನ ಹುಡುಗಿಯ ಮಣಿಕಟ್ಟು ಹಿಡಿಯುತ್ತಾನೆ, ಅವಳು ಬೇಡ ಅನ್ನುತ್ತಾಳೆ, ಕೊನೆಗೆ ಅವನಿಗೇ ಮನಸೋಲುತ್ತಾಳೆ. ಈ ಕೊಳಕಿಗೆ ಓದುಗರು ಇಟ್ಟ ಹೆಸರು ಮನಸ್ಸಿನ ಆಳ!

ಆ ಆಳದ ಗುಟ್ಟು ಅವಳಿಗೆ ಗೊತ್ತು. ಹುಡುಗಿಯ ಮುಖವನ್ನು ಮೊದಲು ಹೆದರಿದ ಮುಖವಾಗಿಯೇ ಬರೆಯುತ್ತಿದ್ದಳು. ಸಂಪಾದಕ ಹಾಳೆ ನೋಡಿ ನಗುತ್ತಿದ್ದ. ಮಾತೆತ್ತಿದರೆ ಬೆಣ್ಣೆ ಹಚ್ಚುವ ಆಸಾಮಿ. "ನಿಮ್ಮ ಕೈಗೆ ಸಮ ಯಾರಿದಾರೆ ಮೇಡಂ? ಕೆನ್ನೆಗೆ ಮೂರು ಗೆರೆ ಎಳೆದುಬಿಡಿ, ನಾಚಿಕೆ ಆಗೋಯ್ತು!" ಅವಳು ಎಳೆಯುತ್ತಿದ್ದಳು. ಕಣ್ಣು, ಬಾಯಿ ಯಾವುದೂ ಬದಲಾಗುತ್ತಿರಲಿಲ್ಲ. ಮೂರು ಓರೆ ಗೆರೆ ಬಿದ್ದರೆ ಸಾಕು, ಭಯ ಪ್ರೇಮವಾಗುತ್ತಿತ್ತು.

ಶನಿವಾರ ಮಧ್ಯಾಹ್ನ ಹದಿಮೂರನೆಯ ಪುಸ್ತಕದ ಹಾಳೆಗಳು ಮೇಜಿನ ಮೇಲೆ ಒಣಗುತ್ತಿದ್ದಾಗ ತಂಗಿ ಬಂದಳು. ಇಪ್ಪತ್ತಾರರ ತಂಗಿ, ವಿಮೆ ಕಚೇರಿಗೆ ಸೇರಿ ಎರಡು ತಿಂಗಳು. ಚಪ್ಪಲಿ ಕೂಡ ಬಿಡದೆ ಸ್ಟೂಲಿನ ಮೇಲೆ ಕೂತಳು.

"ಅಕ್ಕಾ, ನಿನ್ನೆ ನಮ್ ಮ್ಯಾನೇಜರ್ ಬಾಗ್ಲು ಹಾಕಿ ಕೈ ಹಿಡ್ಕೊಂಡ್ರು. ಬಿಡಿ ಅಂದೆ. ಬಿಡ್ಲಿಲ್ಲ."

"ಆಮೇಲೆ?"

"ನನ್ ಮುಖ ಕೆಂಪಾಗಿತ್ತಂತೆ. ನೋಡು, ನಿಂಗೂ ಇಷ್ಟ ಇದೆ ಅಂದ್ರು. ಕೆನ್ನೆ ಸುಡ್ತಾ ಇದ್ದಿದ್ದು ನಿಜ. ಇಷ್ಟ ಅಂದ್ರೆ ಹೀಗೇನಾ ಅಕ್ಕಾ? ನಿನ್ ಪುಸ್ತಕದಲ್ಲೆಲ್ಲ ಹೀಗೇ ಅಲ್ವಾ? ಸೋಮವಾರ ಎಲ್ರೂ ಹೋದ್ಮೇಲೆ ರೂಮಿಗೆ ಬಾ ಅಂದಿದಾರೆ. ಹೂಂ ಅಂದ್ಬಿಟ್ಟೆ."

ಅಕ್ಕನಿಗೆ ಆ ಮ್ಯಾನೇಜರನ ಮೇಲೆ ಮೈಯೆಲ್ಲ ಉರಿಯಿತು, ಸರಿಯೇ. ಅದಕ್ಕಿಂತ ಹೆಚ್ಚು ಹೇಸಿಗೆಯಾದದ್ದು ಮಸಿ ಮೆತ್ತಿದ ತನ್ನ ಬೆರಳುಗಳನ್ನು ನೋಡಿ. ಒಂದು ಹಾಳೆ ಎಳೆದುಕೊಂಡು ಅದರಲ್ಲಿದ್ದ ಹುಡುಗಿಯ ಎರಡು ಕೆನ್ನೆಗಳನ್ನೂ ಬೆರಳಿನಿಂದ ಮುಚ್ಚಿದಳು.

"ಈಗ ನೋಡು. ಹೇಗಿದಾಳೆ ಇವಳು?"

ತಂಗಿ ಬಗ್ಗಿ ತುಂಬ ಹೊತ್ತು ನೋಡಿದಳು.

"ಹೆದರಿದಾಳೆ. ಪಾಪ, ಜೀವ ಕೈಲಿ ಹಿಡ್ಕೊಂಡಿದಾಳೆ."

"ನಿಂಗಾಗಿದ್ದೂ ಅದೇ ಪುಟ್ಟಿ. ಇಷ್ಟ ಅಲ್ಲ ಅದು. ಹೋಗ್ಬೇಡ."

ತಂಗಿ ದೊಡ್ಡದಾಗಿ ಉಸಿರು ಬಿಟ್ಟಳು. ಅಕ್ಕ ಅವಳ ಭುಜದ ಮೇಲೆ ಕೈಯಿಟ್ಟಳು. ತಂಗಿಯ ಕಣ್ಣು ಇನ್ನೂ ಆ ಹಾಳೆಯ ಮೇಲೇ ಇತ್ತು.

"ಬರೀವಾಗ ನಿಂಗಿದು ಗೊತ್ತಿತ್ತಾ?"

"ಗೊತ್ತಿತ್ತು."

"ಹನ್ನೆರಡು ಪುಸ್ತಕ ಬರೀವಾಗ್ಲೂ?"

ತಂಗಿ ಭುಜ ಕೊಡವಿಕೊಂಡು ಎದ್ದಳು.

"ಅವನ ರೂಮಿಗೆ ಹೋಗಲ್ಲ ಬಿಡು," ಅಂದಳು. "ನೀನೂ ನನ್ನ ಮುಟ್ಬೇಡ."