ಹಲ್ಲಿಗೆ ಹೋದ ಮಗು

ಮನೆಯಲ್ಲೊಂದು ಮಗುವಿಗೆ ಹಲ್ಲು ಬರುತ್ತಿದೆ ಎಂದು ಗೊತ್ತಾದರೆ ಸಾಕು, ದಾರಿಯಲ್ಲಿ ಹೋಗುವವರಿಗೂ ಬುದ್ಧಿ ಹೇಳುವ ಹಕ್ಕು ಬಂದುಬಿಡುತ್ತದೆ. ಒದ್ದೆ ಬಟ್ಟೆ ಕಚ್ಚಲು ಕೊಡಿ ಎಂದಳು ಪಕ್ಕದ ಮನೆಯಾಕೆ. ತಣ್ಣನೆಯ ಚಮಚ ಎಂದ ಹಾಲಿನವನು. ಮಹಡಿ ಮನೆಯ ನಿವೃತ್ತ ಮೇಷ್ಟ್ರು, ಸ್ವಂತ ಬಾಯಲ್ಲಿ ಒಂದು ಹಲ್ಲೂ ಉಳಿಯದವರು, ಮೆಟ್ಟಿಲ ಮೇಲೆ ನಿಲ್ಲಿಸಿಕೊಂಡು ಉಪದೇಶ ಮಾಡಿದ್ದೇ ಮಾಡಿದ್ದು. ಚಿನ್ನಿ ಮಾತ್ರ ಯಾರ ಮಾತಿಗೂ ಸೊಪ್ಪು ಹಾಕದೆ, ಎದೆಯ ತನಕ ಜೊಲ್ಲು ಸುರಿಸಿಕೊಂಡು, ಕೈಗೆ ಸಿಕ್ಕಿದ್ದನ್ನೆಲ್ಲ ಕಚ್ಚುತ್ತ, ಸೂರು ಹಾರಿಹೋಗುವಂತೆ ಅಳುತ್ತಿತ್ತು.

ಅದರ ತಾಯಿಗೆ ಮನೆಯಲ್ಲೂ ಹಲ್ಲು, ಕೆಲಸದಲ್ಲೂ ಹಲ್ಲು. ಹಳೆಯ ಆಸ್ಪತ್ರೆಯ ಹಿಂಬದಿಯಲ್ಲಿದ್ದ ವೈದ್ಯಕೀಯ ಸಂಗ್ರಹಾಲಯದಲ್ಲಿ ಅವಳು ಗಾಜಿನ ಪೆಟ್ಟಿಗೆಗಳಿಗೆ ಫಲಕ ಬರೆಯುವವಳು. ಅಲ್ಲಿ ಎಲ್ಲರ ಬಾಯಲ್ಲೂ ಅವಳು ಫಲಕದಮ್ಮ. ಹಲ್ಲು ಬರುವ ಕೂಸುಗಳನ್ನು ಜನ ಹಿಂದಿನಿಂದ ಹೇಗೆಲ್ಲ ಸಮಾಧಾನ ಮಾಡುತ್ತ ಬಂದರು ಎಂಬುದೇ ಆ ಸಲದ ಪ್ರದರ್ಶನ. ವಿಷಯ ಆರಿಸಿದ್ದು ಅವಳೇ, ಆದ್ದರಿಂದ ಅಯ್ಯೋ ಪಾಪ ಎನ್ನುವಂತಿರಲಿಲ್ಲ.

ಸಾಮಾನು ಮೇಜಿನ ಮೇಲೆ ಹರಡಿಕೊಂಡಾಗ ಮೊದಮೊದಲು ಅವಳಿಗೆ ನಗು ಬಂತು. ಬೆಳ್ಳಿಯ ಹಿಡಿ ಹಾಕಿದ ಹವಳದ ತುಂಡು, ಕಚ್ಚಲಿಕ್ಕೂ ಆಯಿತು, ದೃಷ್ಟಿ ತಾಗದಿರಲಿಕ್ಕೂ ಆಯಿತು. ಕೊರಳಿಗೆ ಕಟ್ಟುವ ತೋಳದ ಹಲ್ಲು. ಮೊಲದ ಮಿದುಳನ್ನು ವಸಡಿಗೆ ಸವರಿ ಎಂದು ಬರೆದಿಟ್ಟ ವೈದ್ಯರೂ ಇದ್ದರಂತೆ, ಆ ಮೊಲದ ಹಣೆಬರಹವನ್ನು ಕೇಳಿದವರಿಲ್ಲ. ಆಮೇಲೆ ನಗು ನಿಂತಿತು. ವಸಡು ಸೀಳುವ ಪುಟ್ಟ ಚಾಕು ಬಂತು. ಕಿವಿಯ ಹಿಂದೆ ಬಿಡುವ ಜಿಗಣೆಗಳ ಜಾಡಿ ಬಂತು. ಅಳುವ ಮಗುವನ್ನು ಗಪ್‌ಚಿಪ್ ಮಾಡಿಸುತ್ತಿದ್ದ ಅಫೀಮಿನ ಸಿರಪ್ಪು ಬಂತು. ಕಟ್ಟಕಡೆಗೆ ಒಂದು ತಗಡಿನ ಡಬ್ಬಿ. ಮುಚ್ಚಳದ ಮೇಲೆ ನೀಲಿ ಟೋಪಿಯ ಮಗು ಎರಡು ಹಲ್ಲು ತೋರಿಸಿ ನಗುತ್ತಿತ್ತು. ಡಬ್ಬಿಯಲ್ಲಿ ಬರುತ್ತಿದ್ದ ಬಿಳಿ ಪುಡಿಯಲ್ಲಿ ಪಾದರಸ ಇರುತ್ತಿತ್ತು. ಅವಳು ಇದ್ದದ್ದನ್ನು ಇದ್ದಂತೆ ಫಲಕ ಬರೆದು ಮನೆಗೆ ಹೋದಳು.

ಮನೆಯಲ್ಲಿ ಅವಳ ಅಮ್ಮ ಚಿನ್ನಿಯನ್ನು ಹೆಗಲ ಮೇಲೆ ಹಾಕಿಕೊಂಡು ಅಡುಗೆಮನೆಯಿಂದ ಬಾಗಿಲಿಗೆ, ಬಾಗಿಲಿನಿಂದ ಅಡುಗೆಮನೆಗೆ ತಿರುಗುತ್ತಿದ್ದರು. ಮಗಳು ಕೆಲಸಕ್ಕೆ ಮರಳಿದ ಮೇಲೆ ಕೂಸು ಅವರ ಪಾಲಿಗೇ ಬಿದ್ದಿತ್ತು.

"ನಮ್ಮ ಕಾಲದಲ್ಲಿ ಇಷ್ಟೆಲ್ಲ ಗೋಳಿರಲಿಲ್ಲ ಕಣೇ," ಎಂದರು ಅಮ್ಮ. "ಒಂದು ಬಿಳಿ ಪುಡಿ ಬರ್ತಿತ್ತು. ಒಂದು ಚಿಟಿಕೆ ನಾಲಿಗೆಗೆ ಹಚ್ಚಿದ್ರೆ ಮಗು ತೆಪ್ಪಗೆ ಮಲಗೋದು. ಡಬ್ಬಿ ಮೇಲೆ ನೀಲಿ ಟೋಪಿ ಹಾಕಿದ್ದ ಮಗು, ಎಷ್ಟು ಮುದ್ದಾಗಿ ನಗೋದು ಅಂತೀಯ. ನಿಮ್ಮ ಮ್ಯೂಸಿಯಂನವರು ದೊಡ್ಡ ದೊಡ್ಡ ಡಾಕ್ಟರ್ ಕಂಡವರಲ್ವಾ, ಎಲ್ಲಾದ್ರೂ ಸಿಗುತ್ತಾ ಕೇಳು. ನಡುವೆ ನಿಲ್ಲಿಸಬಾರದು, ಅಷ್ಟೇ."

ಫಲಕದಮ್ಮನಿಗೆ ಮೇಜಿನ ಮೇಲಿನ ಡಬ್ಬಿ ಕಣ್ಣಿಗೆ ಕಟ್ಟಿತು. ಅವಳಿಗಿಂತ ಮುಂಚೆ ಅಮ್ಮನಿಗೆ ಒಬ್ಬ ಮಗ ಹುಟ್ಟಿ ಹೋಗಿದ್ದ. ಅಣ್ಣ ಎನ್ನಲು ಅವನ ಮುಖ ನೋಡಿದವಳಲ್ಲ ಅವಳು. ಹೇಗೆ ಹೋದ ಎಂದು ಕೇಳಿದಾಗಲೆಲ್ಲ ಮನೆಯ ಹಿರಿಯರು ಒಂದೇ ಮಾತು ಹೇಳುತ್ತಿದ್ದರು, "ಹಲ್ಲಿಗೆ ಹೋಯ್ತು ಮಗು." ಜ್ವರಕ್ಕೆ ಹೋಯಿತು, ನೀರಿಗೆ ಹೋಯಿತು ಎನ್ನುವ ಹಾಗೆ. ಅವಳೂ ಬಹುಕಾಲ ನಂಬಿದ್ದಳು. ಈಗ ಅವಳೇ ಬರೆದ ಫಲಕ ಹೇಳುತ್ತಿತ್ತು, ಹಲ್ಲು ಬರುವುದರಿಂದ ಯಾವ ಮಗುವೂ ಸಾಯುವುದಿಲ್ಲ ಎಂದು.

ಹಾಗಾದರೆ ಅಮ್ಮನ ಕೈಯೇ ಆ ವಿಷ ತಿನ್ನಿಸಿತೇ? ಬಾಯಲ್ಲಿ ಬಿಸಿತುಪ್ಪ ಇಟ್ಟುಕೊಂಡವಳ ಸ್ಥಿತಿ ಅವಳದು, ಉಗುಳುವಂತಿಲ್ಲ, ನುಂಗುವಂತಿಲ್ಲ. ಅಮ್ಮ ಪ್ರತಿ ಪ್ರದರ್ಶನಕ್ಕೂ ತಪ್ಪದೆ ಬರುವವರು. ಮಗಳ ಬರಹ ಎಂದು ಪ್ರತಿ ಸಾಲಿನ ಕೆಳಗೂ ಬೆರಳಾಡಿಸಿ ಓದುವವರು. ಈ ವಯಸ್ಸಿನಲ್ಲಿ ಇದನ್ನು ಓದಿದರೆ ಆ ಜೀವ ತಡೆದುಕೊಳ್ಳುವುದಿಲ್ಲ ಎಂದು ಅವಳು ತೀರ್ಮಾನಿಸಿಬಿಟ್ಟಳು.

ಮರುದಿನ ಹೋಗಿ ಮೇಲ್ವಿಚಾರಕರ ಮುಂದೆ ನಿಂತಳು. "ಆ ಡಬ್ಬಿ ಬೇಡ ಸರ್. ಜಾಗ ಸಾಲಲ್ಲ."

"ಜಾಗ ಬೇಕಿದ್ರೆ ತೋಳದ ಹಲ್ಲು ತೆಗೀರಿ," ಎಂದರು ಅವರು, ಕನ್ನಡಕದ ಮೇಲಿನಿಂದ ನೋಡಿ. "ತೋಳ ನೋಡಿದೋರು ಯಾರೂ ಬರಲ್ಲ. ಆ ಡಬ್ಬಿ ಕಂಡೋರು ಇನ್ನೂ ಬದುಕಿದ್ದಾರೆ."

"ಅದಕ್ಕೇ ಬೇಡ ಅಂದಿದ್ದು ಸರ್."

ಅವರು ಪೆನ್ನು ಕೆಳಗಿಟ್ಟರು. ಅವಳು ಎಲ್ಲವನ್ನೂ ಹೇಳಿದಳು. ಕೇಳಿ ಮುಗಿಸಿ ಅವರು ಸ್ವಲ್ಪ ಹೊತ್ತು ಮೇಜಿನ ಗಾಜನ್ನು ಒರೆಸಿದರು, ಅದು ಚೊಕ್ಕಟವಾಗಿಯೇ ಇತ್ತು. "ನಾನಾಗಿದ್ರೆ ಏನು ಮಾಡ್ತಿದ್ದೆ ಅಂತ ನನಗೂ ಗೊತ್ತಿಲ್ಲಮ್ಮ. ಇಡೋದು ಬಿಡೋದು ನಿಮಗೆ ಬಿಟ್ಟಿದ್ದು," ಎಂದರು.

ತೆಗೆಯಕೂಡದು ಎಂದು ಗದರಿದ್ದರೆ ಹೊಣೆಯನ್ನು ಅವರ ಮೇಲೆ ಹಾಕಿ ಹಗುರಾಗಬಹುದಿತ್ತು. ಪ್ರದರ್ಶನ ತೆರೆಯುವ ಹಿಂದಿನ ದಿನ ಅವಳು ಬೀಗ ತೆಗೆದು, ಡಬ್ಬಿಯನ್ನೂ ಅದರ ಫಲಕವನ್ನೂ ಪೆಟ್ಟಿಗೆಯಿಂದ ಹೊರತೆಗೆದು, ಒಳಗಿನ ಕೆಲಸದ ಕೋಣೆಗೆ ತಂದು ಮೇಜಿನ ಮೇಲಿಟ್ಟಳು. ಸುತ್ತಿಡಲು ಹತ್ತಿ, ಕಾಗದ ತರೋಣವೆಂದು ಉಗ್ರಾಣಕ್ಕೆ ಹೋದಳು.

ಮುಚ್ಚಿಡಲು ಹೊರಟಿದ್ದೇ ತಪ್ಪಾಯಿತು. ಮಧ್ಯಾಹ್ನ ಮಗಳ ಎದೆಹಾಲು ಕುಡಿಸಲೆಂದು ಅಮ್ಮ ದಿನವೂ ಚಿನ್ನಿಯನ್ನು ಎತ್ತಿಕೊಂಡು ಸಂಗ್ರಹಾಲಯಕ್ಕೆ ಬಂದು ಅಂಗಳದ ಬೆಂಚಿನ ಮೇಲೆ ಕಾಯುತ್ತಿದ್ದರು. ಅವತ್ತು ಬಿಸಿಲಿಗೆ ಬೆಂಚು ಕಾದ ಹೆಂಚಾಗಿತ್ತು. ಕಾವಲುಗಾರ, ಒಳ್ಳೆಯ ಮನುಷ್ಯ, "ಯಾಕಮ್ಮ ಹೊರಗೆ ಬೇಯ್ತೀರಿ" ಎಂದು ಅವರನ್ನು ಕೆಲಸದ ಕೋಣೆಯಲ್ಲಿ ಫ್ಯಾನಿನ ಕೆಳಗೆ ಕೂರಿಸಿ ಹೋಗಿದ್ದ.

ಅವಳು ಹತ್ತಿಯ ಸುರುಳಿ ಹಿಡಿದು ಬಂದಾಗ ಅಮ್ಮನ ತೊಡೆಯ ಮೇಲೆ ಚಿನ್ನಿ ಸೆರಗಿನ ತುದಿ ಕಚ್ಚುತ್ತಿತ್ತು. ಅಮ್ಮನ ಬೆರಳು ಫಲಕದ ಮೇಲಿತ್ತು, ತುಟಿ ಆಡುತ್ತಿತ್ತು. "ಅಂಗೈ ಅಂಗಾಲು ಕೆಂಪೇರಿ ಸಿಪ್ಪೆ ಏಳುತ್ತಿತ್ತು. ಮಗು ಬೆವರುತ್ತಿತ್ತು. ಬೆಳಕು ಕಂಡರೆ ಮುಖ ಮರೆಸಿಕೊಳ್ಳುತ್ತಿತ್ತು. ಪುಡಿ ತಿಂದ ಬಹಳ ಮಕ್ಕಳಿಗೆ ಏನೂ ಆಗಲಿಲ್ಲ, ಕೆಲವರಿಗೆ ಮಾತ್ರ ಆಯಿತು. ಆದ್ದರಿಂದ ಪುಡಿಯ ಮೇಲೆ ಯಾರಿಗೂ ಅನುಮಾನ ಬರಲಿಲ್ಲ."

"ಅಮ್ಮ, ಅದು..." ಎಂದಳು ಅವಳು ಬಾಗಿಲಲ್ಲೇ ನಿಂತು.

ಅಮ್ಮ ತಲೆಯೆತ್ತಿದರು. ಕಣ್ಣಲ್ಲಿ ನೀರಿರಲಿಲ್ಲ. "ಹಾಗಾದ್ರೆ ನಾನು ನಿಲ್ಲಿಸಿದ್ದು ಸರಿ ಇತ್ತಾ?" ಎಂದು ಕೇಳಿದರು.

"ಏನು ನಿಲ್ಲಿಸಿದ್ದು?"

"ಪುಡಿ. ಅವನ ಕೈ ಕೆಂಪಾಗಿದ್ದು ನೋಡಿ ನನಗೇ ಯಾಕೋ ಸರಿಬರಲಿಲ್ಲ. ಅತ್ತೆಗೆ ಹೇಳದೆ ನಿಲ್ಲಿಸಿಬಿಟ್ಟೆ. ವಾರ ಕಳೆಯೋದ್ರೊಳಗೆ ಮಗು ಹೋಯ್ತು. 'ನೀನು ಪುಡಿ ತಪ್ಪಿಸಿದ್ದಕ್ಕೇ ಹೋಯ್ತು' ಅಂದ್ರು ನಿಮ್ಮಜ್ಜಿ. ಅವರು ಬಾಯಿ ಬಿಟ್ಟು ಅಂದಿದ್ದು ಒಂದೇ ಸಲ. ಆಮೇಲೆ ನಾನೇ ನನಗೆ ಅಂದ್ಕೋತಾ ಬಂದೆ, ಇವತ್ತಿನವರೆಗೂ."

ಹತ್ತಿಯ ಸುರುಳಿ ಅವಳ ಕೈಯಿಂದ ಜಾರಿತು. ಅಮ್ಮನನ್ನು ಉಳಿಸಬೇಕೆಂದು ತಾನು ಅಡಗಿಸಲು ಹೊರಟಿದ್ದು ಎಂಥದ್ದನ್ನು ಎಂಬುದು ಆಗ ಅವಳಿಗೆ ಹೊಳೆಯಿತು. ನಾಚಿಕೆಯಾಯಿತು. ಅಮ್ಮನ ಕಾಲ ಬಳಿ ನೆಲದ ಮೇಲೆ ಕುಳಿತು, "ಸರಿ ಇತ್ತಮ್ಮ. ನೀನು ಮಾಡಿದ್ದೇ ಸರಿ. ಅಷ್ಟು ಹೊತ್ತಿಗೆ ತಡ ಆಗಿತ್ತು, ಅಷ್ಟೇ. ಅವನಿಗೆ ಏನಾಗ್ತಿದೆ ಅಂತ ಕಂಡುಹಿಡಿದವಳು ನೀನೊಬ್ಬಳೇ," ಎಂದಳು. ಹೇಳುತ್ತ ಹೇಳುತ್ತ ಅವಳೇ ಅತ್ತಳು.

ಅಮ್ಮ ಅವಳ ತಲೆ ಸವರಿದರು. ಚಿನ್ನಿಯ ಗುರುಗುರು ಸದ್ದು, ಫ್ಯಾನಿನ ಸದ್ದು.

"ನಿಮ್ಮಜ್ಜಿ ಇದನ್ನ ಓದದೆ ಹೋದ್ರು, ಒಳ್ಳೇದೇ ಆಯ್ತು," ಎಂದರು ಕೊನೆಗೆ. "ಪುಡಿ ತಂದುಕೊಟ್ಟಿದ್ದೇ ಅವರು. ಮೊಮ್ಮಗ ಅಂದ್ರೆ ಜೀವ ಬಿಡ್ತಿದ್ರು." ಆಮೇಲೆ ನೆಲದ ಮೇಲಿನ ಹತ್ತಿಯತ್ತ ಕಣ್ಣು ಹರಿಯಿತು. "ಇದನ್ನ ಕಟ್ಟಿಡೋಕೆ ಹೊರಟಿದ್ಯೇನೇ? ಹೊರಗಿಡು. ನನ್ನಂಥ ಮುದುಕಿಯರು ಇನ್ನೂ ಇದ್ದಾರೆ, ಯಾರ್ಯಾರು ಏನೇನು ಹೊಟ್ಟೇಲಿಟ್ಕೊಂಡಿದ್ದಾರೋ. ಅಕ್ಷರ ಒಂಚೂರು ದಪ್ಪ ಬರಿ. ನಿನ್ನ ಬರಹ ಓದೋಕೆ ಭೂತಗನ್ನಡಿ ಬೇಕು."

ಅವಳು ಅಳುವಿನ ನಡುವೆಯೇ ನಕ್ಕಳು. ಎದ್ದು ಮೂಗೊರೆಸಿಕೊಂಡು ಮಗುವಿಗೆ ಕೈ ಚಾಚಿದಳು. ಅಮ್ಮ ಕೊಡಲಿಲ್ಲ. ಅವರ ಮುಖ ಇದ್ದಕ್ಕಿದ್ದ ಹಾಗೆ ಬಿಳಿಚಿಕೊಂಡಿತ್ತು.

"ನಿಲ್ಲಿಸಿ ಒಬ್ಬನನ್ನ ಕಳ್ಕೊಂಡೆ ಅಂತ," ಎಂದರು ನಿಧಾನವಾಗಿ, "ನಿನಗೆ ಒಂದು ದಿನಾನೂ ತಪ್ಪಿಸಲಿಲ್ಲ ನಾನು. ಡಬ್ಬಿ ಖಾಲಿ ಆಗೋಕೆ ಮುಂಚೆ ಇನ್ನೊಂದು ತರಿಸ್ತಿದ್ದೆ."

"ಅಮ್ಮ, ನನಗೇನೂ ಆಗಲಿಲ್ಲವಲ್ಲ. ಎಷ್ಟು ವರ್ಷ ಆಯ್ತು."

"ಕೈ ತೋರ್ಸು."

"ಅಮ್ಮ..."

"ತೋರ್ಸು ಅಂದೆ."

ಅವಳು ಮೇಜಿನ ದೀಪ ಹಾಕಿ, ಎರಡೂ ಅಂಗೈಗಳನ್ನು ಬಿಡಿಸಿ ಅಮ್ಮನ ಮುಂದೆ ಹಿಡಿದಳು. ಅಮ್ಮ ಮಗುವನ್ನು ಒಂದು ತೋಳಿಗೆ ಸರಿಸಿಕೊಂಡು ಬಗ್ಗಿ, ಒಂದೊಂದು ಬೆರಳನ್ನೂ ಒತ್ತಿ ಒತ್ತಿ ನೋಡತೊಡಗಿದರು.