ಬುಡದ ಚುಕ್ಕೆ

"ಅದೊಂದು ತಲೆಕೆಳಗಾಗಿದೆ," ಎಂದು ಜಪಾನಿನಿಂದ ಬಂದ ವಾಸ್ತುಶಿಲ್ಪಿ ಹೆಂಗಸು ಬೆರಳು ತೋರಿಸಿದಾಗ ಚೆನ್ನಪ್ಪ ಆಚಾರಿ ನೆಲ ನೋಡಿದ. ಯಾವ ಮರದ ಪಟ್ಟಿ ಎಂದು ಕೇಳುವ ಅಗತ್ಯ ಅವನಿಗಿರಲಿಲ್ಲ.

ಬಹರೈನಿನ ಕಡಲಬದಿಯ ಆ ಹೊಸ ಮ್ಯೂಸಿಯಮ್ಮಿನ ಪಶ್ಚಿಮಕ್ಕೆ ಗೋಡೆಯೇ ಇಲ್ಲ, ಬರೀ ದೇವದಾರು ಪಟ್ಟಿಗಳು. ಒಂದೂ ಮೊಳೆಯಿಲ್ಲ. ಮೂರು ಗಂಟೆಯ ಬಿಸಿಲು ಸಂದಿಗಳಲ್ಲಿ ಸೋಸಿಕೊಂಡು ಒಳಗೆ ಬರುತ್ತಿತ್ತು. ಮರ ಕಾಡಿನಲ್ಲಿ ನಿಂತ ಹಾಗೆಯೇ ಇಲ್ಲೂ ನಿಲ್ಲಬೇಕು, ಬುಡ ಕೆಳಗೆ, ತುದಿ ಮೇಲೆ ಎಂಬುದು ಆಯಮ್ಮನ ಪಟ್ಟು. ಚೆನ್ನಪ್ಪನ ಅಪ್ಪ ಕಾರ್ಕಳದಲ್ಲಿ ಹೇಳಿಕೊಟ್ಟದ್ದೂ ಅದನ್ನೇ. ಹಾಗಾಗಿ ಟುಬ್ಲಿಯ ವರ್ಕ್‌ಶಾಪಿನಲ್ಲಿ ಪ್ರತಿ ಪಟ್ಟಿಯ ಬುಡಕ್ಕೆ ಚೆನ್ನಪ್ಪನೇ ಪೆನ್ಸಿಲಿನಿಂದ ಚುಕ್ಕೆ ಇಡುತ್ತಿದ್ದ. ಆ ಪೆನ್ಸಿಲನ್ನು ಬೇರೆಯವರ ಕೈಗೆ ಕೊಟ್ಟವನಲ್ಲ.

ಪಟ್ಟಿ ನಿಲ್ಲಿಸುತ್ತಿದ್ದವನು ಶೈಲೇಶ, ಹನ್ನೊಂದು ವರ್ಷದ ಜೊತೆಗಾರ. ಎರಡು ವಾರದ ಹಿಂದೆ ಇದೊಂದು ಪಟ್ಟಿಯಲ್ಲಿ ಮೇಲ್ಮುಖವಾಗಿರಬೇಕಾದ ಮರದೆಳೆಯ ಗೆರೆಗಳು ಕೆಳಮುಖವಾಗಿರುವುದನ್ನು ಕಂಡು ಚೆನ್ನಪ್ಪ ಎಲ್ಲರೆದುರು ಹಾರಾಡಿದ್ದ.

"ಎಂತ ಮಾರಾಯ, ಕಣ್ಣು ಕಾಣುದಿಲ್ವಾ ನಿಂಗೆ?"

"ನಿಮ್ಮ ಚುಕ್ಕೆ ನೋಡಿಯೇ ನಿಲ್ಲಿಸಿದ್ದು ಅಣ್ಣ."

"ಸುಳ್ಳು ಬೇರೆ ಹೇಳ್ತಿಯಾ? ನಾಳೆ ತೆಗ್ದು ಸರಿ ಮಾಡು."

ಅವತ್ತು ಶೈಲೇಶ ಪಟ್ಟಿಗಳ ಎದುರಿನ ಕಂಬದ ಬುಡದಲ್ಲಿ ಒಬ್ಬನೇ ಕೂತು ಬುತ್ತಿ ಉಂಡ. ಮರುದಿನ ಬೆಳಿಗ್ಗೆ ಸ್ನಾನಕ್ಕೆ ಹೊರಟವನು ಎದೆ ಹಿಡಿದುಕೊಂಡು ಕುಸಿದ. ಶವಪೆಟ್ಟಿಗೆ ಮಂಗಳೂರಿಗೆ ಹೋಯಿತು. ಪಟ್ಟಿ ಹಾಗೆಯೇ ಉಳಿಯಿತು. ಅದನ್ನು ಮುಟ್ಟಲು ಚೆನ್ನಪ್ಪನಿಗೆ ಮನಸ್ಸು ಬಂದಿರಲಿಲ್ಲ.

"ಯಾರು ಹಾಕಿದ್ದು?" ಸೈಟ್ ಎಂಜಿನಿಯರ್ ಹಿಶಾಮ್ ಹಿಂದಿಯಲ್ಲಿ ಕೇಳಿದ.

"ಶೈಲೇಶ, ಸಾಬ್. ತೀರಿಹೋದನಲ್ಲ, ಅವನು."

ಸತ್ತವನು ತಿರುಗಿ ಮಾತಾಡುವುದಿಲ್ಲವಲ್ಲ. ಹೇಳಿದ ಕೂಡಲೇ ಚೆನ್ನಪ್ಪನಿಗೆ ನಾಚಿಕೆಯಾಯಿತು. ಆದರೂ ಇದರಲ್ಲಿ ಸುಳ್ಳೇನಿದೆ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡು ಮರದ ಸುತ್ತಿಗೆ ಎತ್ತಿಕೊಂಡ.

ಎರಡು ಏಟಿಗೆ ಪಟ್ಟಿ ಸಡಿಲವಾಯಿತು. ಮೇಲಕ್ಕೆತ್ತಿ ಹೊರಗೆಳೆದ. ಪಟ್ಟಿ ಕೂರಿಸುವ ಕಚ್ಚಿನೊಳಗೆ ಅಡಗಿದ್ದ ಕೆಳಕೊನೆಯಲ್ಲಿ ಚುಕ್ಕೆಯಿತ್ತು. ಶೈಲೇಶ ಚುಕ್ಕೆ ನೋಡಿಯೇ ನಿಲ್ಲಿಸಿದ್ದ. ಮರದ ತುದಿಯನ್ನೇ ಬುಡವೆಂದು ಗುರುತು ಮಾಡಿದವನು ತಾನು. ತನ್ನ ಬೆನ್ನು ತನಗೆ ಕಾಣದು ಎಂದು ಸುಮ್ಮನೆ ಹೇಳುತ್ತಾರೆಯೇ? ಪಟ್ಟಿ ಹಿಡಿದುಕೊಂಡೇ ಅವನು ನೆಲದ ಮೇಲೆ ಕೂತುಬಿಟ್ಟ.

"ಸಾಬ್, ತಪ್ಪು ಅವನದ್ದಲ್ಲ. ನನ್ನದು."

"ಖಲಾಸ್, ಬಿಡು ಚೆನ್ನಪ್ಪ, ಯಾರದಾದರೇನು? ಬೇಗ ಹಾಕು," ಎಂದು ಹಿಶಾಮ್ ವಾಸ್ತುಶಿಲ್ಪಿಯ ಜೊತೆ ಮುಂದಿನ ಕೋಣೆಗೆ ನಡೆದ.

ಪಟ್ಟಿ ಇದ್ದ ಜಾಗದಿಂದ ನುಗ್ಗಿದ ಬಿಸಿಲು ಅಗಲವಾಗಿ, ಶೈಲೇಶ ಕೂತು ಉಂಡಿದ್ದ ಆ ಕಂಬದ ಬುಡಕ್ಕೆ ಬಿದ್ದಿತ್ತು. ಅದು ಅಲ್ಲಿಂದ ಸರಿದು ಹೋಗುವವರೆಗೂ ಚೆನ್ನಪ್ಪ ಪಟ್ಟಿಯನ್ನು ಮಡಿಲಲ್ಲಿ ಅಡ್ಡ ಇಟ್ಟುಕೊಂಡು ಕೂತೇ ಇದ್ದ.